ಗೋಡೆಗೆ ಎರಡು ಮಾತ್ರೆ

ಕತ್ತರಿ ಮೇಡಂ ಎಂಬ ಹೆಸರು ಕೇಳಿದವರು ಅವರಿಗೆ ಹೊಲಿಗೆ ಗೊತ್ತಿರಬೇಕು ಎಂದುಕೊಳ್ಳುತ್ತಿದ್ದರು. ಸೂಜಿ ಕೊಟ್ಟರೆ ಬಟ್ಟೆಗಿಂತ ಮೊದಲು ಬೆರಳನ್ನೇ ಚುಚ್ಚಿಕೊಳ್ಳುವ ಜೀವ ಅದು. ಅವರು ಕತ್ತರಿಸುತ್ತಿದ್ದದ್ದು ಪಾಠಗಳನ್ನು. ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ಕೂತು, ಒಂದು ಪರಭಾಷೆಯನ್ನು ಯಾರಿಗೆ ಎಷ್ಟು ಕಲಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸುವುದು ಅವರ ಕೆಲಸ. ಶಾಲೆಯ ಮಕ್ಕಳಿಗೆ ಒಂದು ಕೋರ್ಸು, ಕಾಲೇಜಿಗೆ ಒಂದು, ವ್ಯಾಪಾರಕ್ಕೆ ಹೋಗುವವರಿಗೆ ಇನ್ನೊಂದು. ಭಾಷೆಯೇನೋ ಸಮುದ್ರ. ಆದರೆ ಮೇಲಿನವರು ಪ್ರತಿ ಸಲವೂ ಒಂದು ಚೊಂಬು ಕೈಗಿಟ್ಟು, ಇದರಲ್ಲಿ ಹಿಡಿಸಿ ಅನ್ನುತ್ತಿದ್ದರು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ದೊಡ್ಡ ಮೇಜಿನ ಮೇಲೆ ರಟ್ಟಿನ ಚೀಟಿಗಳನ್ನು ಹರಡಿಕೊಳ್ಳುವರು. ಒಂದೊಂದು ಚೀಟಿಗೆ ಒಂದೊಂದು ಕೆಲಸ: ದಾರಿ ಕೇಳುವುದು, ಚಪ್ಪಲಿ ಕೊಳ್ಳುವುದು, ತಪ್ಪಾಯಿತು ಅನ್ನುವುದು, ಹೊಟ್ಟೆನೋವು ಹೇಳಿಕೊಳ್ಳುವುದು. ಒಂದನ್ನು ಎತ್ತಿ ಹಿಡಿದು, ಇದು ಬಾರದೆ ಹೋದರೆ ಏನಾದೀತು ಎಂದು ತಮ್ಮನ್ನೇ ಕೇಳಿಕೊಳ್ಳುವರು. ಹೊಳೆದ ಉತ್ತರ ನಗು ತರಿಸಿದರೆ ಚೀಟಿ ಡಬ್ಬಿಗೆ. ಹೊಟ್ಟೆಯೊಳಗೆ ತಣ್ಣಗಾದರೆ ಚೀಟಿ ಮೇಜಿನ ಮೇಲೇ ಉಳಿಯಿತು. ದರ್ಜಿಗೆ ಅಳತೆಪಟ್ಟಿ ಇದ್ದ ಹಾಗೆ ಅವರಿಗೆ ಭಯ ಇತ್ತು.

ಒಮ್ಮೆ ಶಾಲೆಯ ಕೋರ್ಸಿನಲ್ಲಿ ಊಟದ ಪಾಠವನ್ನು ಅರ್ಧಕ್ಕೆ ಇಳಿಸಿದ್ದರಂತೆ. ಪ್ರವಾಸ ಹೋದ ಮಕ್ಕಳು ಗೊತ್ತಿದ್ದ ಒಂದೇ ಪದ ಹೇಳಿ ಹೊತ್ತು ಹೊತ್ತಿಗೂ ಬೇಯಿಸಿದ ಮೊಟ್ಟೆ ತಿಂದು ಬಂದಿದ್ದವು. ವಿಭಾಗದಲ್ಲಿ ಇಂದಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಮೇಡಂ ಕೂಡ ನಗುವರು. ನಗುತ್ತಲೇ, ಆ ಮಕ್ಕಳಲ್ಲಿ ಒಂದಕ್ಕೆ ಮೊಟ್ಟೆ ಒಗ್ಗದೆ ಇದ್ದಿದ್ದರೆ ಎಂದು ಯೋಚಿಸುವರು.

ಆ ಭಾಷೆಯನ್ನು ಅವರು ಕಲಿತದ್ದು ಹುಡುಗಿಯಾಗಿದ್ದಾಗ, ರೇಡಿಯೋದಿಂದ. ಗೊರಗೊರ ಸದ್ದಿನ ನಡುವೆ ಎಲ್ಲೋ ಒಂದು ದನಿ, ಅಲೆಯ ಮೇಲೆ ತೇಲುವ ಕಡ್ಡಿಯ ಹಾಗೆ ಮೇಲೆ ಬಂದು ಮುಳುಗುತ್ತಿತ್ತು. ಪೆಟ್ಟಿಗೆಗೆ ಒತ್ತಿ ಒತ್ತಿ ಕಿವಿ ಕೆಂಪಾಗುತ್ತಿತ್ತು. ತಾನು ಪಟ್ಟ ಪಾಡು ಕಲಿಯುವ ಮಕ್ಕಳಿಗೆ ಬೇಡ ಎಂದು ಮೇಡಂ ತಮ್ಮ ಪಾಠಗಳ ಸಂಭಾಷಣೆಗಳನ್ನು ಬಹಳ ಶುಚಿಯಾಗಿ ಧ್ವನಿಮುದ್ರಿಸುತ್ತಿದ್ದರು. ಕಾರಿಡಾರಿನ ಕೊನೆಯಲ್ಲಿ ಅದಕ್ಕೊಂದು ಕೋಣೆ. ನಾಲ್ಕೂ ಗೋಡೆಗೆ ಹಳೆಯ ಕಂಬಳಿ. ಯಂತ್ರ ನೋಡಿಕೊಳ್ಳುವ ವಯಸ್ಸಾದವರನ್ನು ಎಲ್ಲರೂ ರೆಕಾರ್ಡಿಂಗ್ ಅಣ್ಣ ಎಂದೇ ಕರೆಯುತ್ತಿದ್ದರು. ಯಾರಾದರೂ ಕೆಮ್ಮಿದರೆ, ಕುರ್ಚಿ ಕಿರುಗುಟ್ಟಿದರೆ ಮತ್ತೆ ಮೊದಲಿಂದ. ಹೀಗೆ ತಯಾರಾದ ಸಂಭಾಷಣೆಗಳಲ್ಲಿ ದಾರಿ ಕೇಳಿದವನಿಗೆ ಎದುರಿನವನು ನಿಂತು, ನಿಧಾನವಾಗಿ, ಪೂರ್ತಿ ವಾಕ್ಯದಲ್ಲಿ ದಾರಿ ಹೇಳುತ್ತಿದ್ದ. ಯಾರಿಗೂ ಅವಸರ ಇರಲಿಲ್ಲ. ಯಾರೂ ಸಿಡುಕುತ್ತಿರಲಿಲ್ಲ.

ದಾದಿಯರ ಕೋರ್ಸು ಬಂದದ್ದು ಅವರ ನಿವೃತ್ತಿ ಹತ್ತಿರವಾದಾಗ. ಆ ದೇಶದ ಒಂದು ಆಸ್ಪತ್ರೆಗೆ ಹನ್ನೆರಡು ಜನ ದಾದಿಯರು ಬೇಕಾಗಿದ್ದರು. ಎರಡು ವರ್ಷದ ಕೋರ್ಸನ್ನು ಆರು ತಿಂಗಳಿಗೆ ಇಳಿಸಬೇಕು ಎಂದರು ವಿಭಾಗದ ಮುಖ್ಯಸ್ಥರು. ಆಯ್ಕೆಯಾದವರಲ್ಲಿ ಮೇಡಂ ಅವರ ತಮ್ಮನ ಮಗಳೂ ಇದ್ದಳು.

ಮೇಡಂ ಮದುವೆಯಾದವರಲ್ಲ. ತಮ್ಮನ ಮನೆಯಲ್ಲೇ ಇದ್ದವರು. ಆ ಹುಡುಗಿಗೆ ತೊಟ್ಟಿಲು ತೂಗಿದ್ದು, ಅಕ್ಷರ ಕಲಿಸಿದ್ದು, ಜ್ವರ ಬಂದಾಗ ಒದ್ದೆಬಟ್ಟೆ ಇಟ್ಟದ್ದು ಎಲ್ಲ ಈ ಅತ್ತೆಯೇ. ಅಪ್ಪನದು ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವ ಕೆಲಸ, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು. ಕೂಗೀ ಕೂಗೀ ಮನೆಯಲ್ಲೂ ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅವನು ನೀರು ಕೇಳಿದರೂ ಬೈದ ಹಾಗೆ ಇರುತ್ತಿತ್ತು. ಮಗಳು ಅಪ್ಪನ ಮುಂದೆ ಗುಬ್ಬಚ್ಚಿ. ಎದುರು ಮಾತಾಡದ ಹುಡುಗಿ ಎಂದು ಬಂಧುಗಳಲ್ಲೆಲ್ಲ ಹೆಸರು ತೆಗೆದಿದ್ದಳು. ಮನೆಯವರಿಗೆ ಅದೊಂದು ಹೆಮ್ಮೆ.

ಮೇಡಂ ಚೀಟಿಗಳನ್ನು ಹರಡಿದರು. ಈ ಸಲ ಒಂದೊಂದು ಚೀಟಿ ಎತ್ತುವಾಗಲೂ ಕಣ್ಣೆದುರಿಗೆ ಬರುತ್ತಿದ್ದದ್ದು ಒಂದೇ ಮುಖ. ಪೇಟೆ, ಹವಾಮಾನ, ಸಿನಿಮಾ ಎಲ್ಲ ಡಬ್ಬಿಗೆ ಬಿದ್ದವು. ನೋವು, ರಕ್ತ, ಉಸಿರು, ಮಾತ್ರೆ, ಅಳತೆ ಉಳಿದವು. ಮೊದಲ ಪಾಠಕ್ಕೆ ಅವರು ಯಾವತ್ತಿನಂತೆ ಮೂರು ಮಾತು ಇಟ್ಟರು: ಹೌದು, ಅರ್ಥವಾಯಿತು, ಧನ್ಯವಾದ. ಮೊದಲ ದಿನ ಬಾಯಿ ತುಂಬ ಹೌದು ಅಂದವರು ಎರಡನೆಯ ದಿನ ಓಡಿಹೋಗುವುದಿಲ್ಲ ಎನ್ನುವುದು ಅವರ ಅನುಭವ. ಇನ್ನೊಂದು ಚೀಟಿ ಕೈಗೆ ಬಂತು. ‘ಅರ್ಥವಾಗಲಿಲ್ಲ ಅನ್ನುವುದು, ಮತ್ತೆ ಹೇಳಿಸುವುದು.’ ಇದು ಬಾರದೆ ಹೋದರೆ ಏನಾದೀತು? ಅವರ ಕಣ್ಣೆದುರು ಏನೂ ಬರಲಿಲ್ಲ. ತರಗತಿಯಲ್ಲಿ ತಿಳಿಯದಿದ್ದರೆ ನಮ್ಮ ಭಾಷೆಯಲ್ಲೇ ಕೇಳುತ್ತಾರೆ. ಸಂಭಾಷಣೆಗಳಲ್ಲೋ, ತಿಳಿಯದಂತೆ ಮಾತಾಡುವವರು ಒಬ್ಬರೂ ಇಲ್ಲ. ಚೀಟಿ ಡಬ್ಬಿಗೆ ಬಿತ್ತು.

ಐದು ತಿಂಗಳು ಎಲ್ಲವೂ ನೀರು ಕುಡಿದ ಹಾಗೆ ನಡೆಯಿತು. ಹುಡುಗಿಯರು ಚೂಟಿ. ತಮ್ಮನ ಮಗಳ ಉಚ್ಚಾರವಂತೂ ಕೇಳಬೇಕು, ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ. ಆಮೇಲೆ ದೂರವಾಣಿಯ ಅಭ್ಯಾಸ ಶುರುವಾಯಿತು. ಮೇಡಂ ಕಂಬಳಿ ಕೋಣೆಯಿಂದ ಫೋನು ಮಾಡಿ ವೈದ್ಯರಂತೆ ಸೂಚನೆ ಕೊಡುವುದು, ಹುಡುಗಿಯರು ಒಬ್ಬೊಬ್ಬರಾಗಿ ಪಕ್ಕದ ಕೋಣೆಯಿಂದ ಉತ್ತರಿಸುವುದು. ಎಲ್ಲರದೂ ಒಂದೇ ಉತ್ತರ: ಅರ್ಥವಾಯಿತು ಡಾಕ್ಟರ್, ಧನ್ಯವಾದ. ಹೇಳಿದ್ದನ್ನೇ ಹೇಳಿ ಮೇಡಂಗೆ ಬೇಸರ ಹತ್ತಿತು. ರೆಕಾರ್ಡಿಂಗ್ ಅಣ್ಣನತ್ತ ಕಣ್ಣು ಮಿಟುಕಿಸಿ, ಮುಂದಿನವಳಿಗೆ ತುಸು ಬೇಗ ಬೇಗ, ಗೋಡೆಗೆ ಎರಡು ಮಾತ್ರೆ ಕೊಡು ಎಂದರು.

“ಅರ್ಥವಾಯಿತು ಡಾಕ್ಟರ್. ಧನ್ಯವಾದ.”

ಇಷ್ಟು ವರ್ಷ ಕೇಳಿ ಕೇಳಿ ಅಣ್ಣನಿಗೂ ಅಷ್ಟು ಭಾಷೆ ಬರುತ್ತಿತ್ತು. ಅವರು ಬಾಯಿಗೆ ಕೈ ಹಿಡಿದು ನಕ್ಕರು. ಮೇಡಂ ಕೂಡ ನಕ್ಕರು. ಮುಂದಿನವಳಿಗೂ ಅದನ್ನೇ ಹೇಳಿದರು. ಅವಳಿಗೂ ಅರ್ಥವಾಯಿತು. ಅದರ ಮುಂದಿನವಳಿಗೂ. ಅಷ್ಟರಲ್ಲಿ ಅಣ್ಣನ ನಗು ನಿಂತಿತ್ತು. ಕೊನೆಯವಳು ತಮ್ಮನ ಮಗಳು. ಮೇಡಂ ಅವಳಿಗೆ, ಗೋಡೆಗೆ ಎರಡು ಮಾತ್ರೆ ಕೊಡು, ಗೋಡೆ ಸತ್ತರೆ ಇನ್ನೆರಡು ಕೊಡು ಎಂದರು.

ಆ ಕಡೆಯಿಂದ ಗಾಜಿನ ಲೋಟಕ್ಕೆ ಚಮಚ ತಾಗಿತು. “ಅರ್ಥವಾಯಿತು ಡಾಕ್ಟರ್. ಧನ್ಯವಾದ.”

ಮೇಡಂ ಫೋನು ಇಡಲಿಲ್ಲ. ಅದು ಕೈಯಲ್ಲೇ ಇತ್ತು. ಕಂಬಳಿಗಳು ಎಲ್ಲ ಸದ್ದನ್ನೂ ಕುಡಿದು ಸುಮ್ಮನೆ ನೇತಾಡುತ್ತಿದ್ದವು. ಯಾವುದೋ ಬೇರೆ ಊರಿನ ಉದ್ದನೆಯ ಕಾರಿಡಾರು, ಸಾಲು ಮಂಚಗಳು, ಅದರಲ್ಲೊಂದು ಮಂಚದ ಮೇಲೆ ಮಲಗಿದ ಮನುಷ್ಯ ಅವರಿಗೆ ಕಂಡ. ಅವನ ಮುಖ ಕಾಣಲಿಲ್ಲ. ಟ್ರೇ ಹಿಡಿದು ಅವನತ್ತ ನಡೆಯುತ್ತಿದ್ದ ಹುಡುಗಿಯ ಜಡೆ ಮಾತ್ರ ಕಂಡಿತು. ಆ ಜಡೆ ಹೆಣೆದ ಕೈ ತಮ್ಮದೇ.

ಮರುದಿನ ಮುಖ್ಯಸ್ಥರ ಬಳಿ ಹೋದರು. ಆಗಿದ್ದನ್ನೆಲ್ಲ ಕೇಳಿ ಅವರು ಮೊದಲು ಜೋರಾಗಿ ನಕ್ಕರು. ಗೋಡೆಗೆ ಮಾತ್ರೆ ಕೊಡಿ ಅಂತ ಯಾವ ಡಾಕ್ಟರ್ ಹೇಳ್ತಾನೆ ಮೇಡಂ, ನೀವು ಹಗ್ಗ ಕಂಡರೂ ಹಾವು ಅಂತೀರಿ ಎಂದರು. ಮೇಡಂ ನಗಲಿಲ್ಲ. ಮಾತ್ರೆ ಅರ್ಧ ಅಂದದ್ದನ್ನ ಐದು ಅಂತ ತಿಳಿದ್ರೆ, ಎಡಗಡೆ ಮಂಚ ಅಂದದ್ದನ್ನ ಬಲಗಡೆ ಅಂತ ತಿಳಿದ್ರೆ ಆಗಲೂ ಹೀಗೇ ಧನ್ಯವಾದ ಅಂತಾರೆ, ಹೋಗೋದನ್ನ ಮುಂದೆ ಹಾಕಿ ಎಂದು ಬೇಡಿಕೊಂಡರು. ಅದಾಗದು ಎಂದರು ಮುಖ್ಯಸ್ಥರು. ಕೊನೆಗೆ ಒಂದು ಮಾತು ಹೇಳಿದರು.

“ಆಯ್ತು. ಕೊನೇ ಪರೀಕ್ಷೆ ನೀವೇ ಮಾಡಿ. ನೀವು ಸೈ ಅಂದವರು ಹೋಗ್ತಾರೆ, ಇಲ್ಲ ಅಂದವರು ಇಲ್ಲ. ಆಮೇಲೆ ಏನಾದ್ರೂ ಆದ್ರೆ ನನ್ನ ಕೇಳಬೇಡಿ.”

ಕೇಳಿದ್ದು ಸಿಗದಿದ್ದರೂ ತೀರ್ಮಾನ ಕೈಗೆ ಬಂದಿತ್ತು. ಸೈ ಅಂದರೂ ಭಯ, ಇಲ್ಲ ಅಂದರೂ ಭಯ.

ಡಬ್ಬಿಯಿಂದ ಚೀಟಿಯನ್ನು ಹೆಕ್ಕಿ ಮೇಜಿನ ಮೇಲಿಟ್ಟರು. ಉಳಿದ ಮೂರು ವಾರ ಅದೊಂದೇ ಪಾಠ. ಹುಡುಗಿಯರು ಒಂದೇ ತರಗತಿಯಲ್ಲಿ ಕಲಿತುಬಿಟ್ಟರು: ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ. ಗಿಣಿಗಳ ಹಾಗೆ ಮುದ್ದಾಗಿ ಹೇಳಿದರು. ಫೋನಿನಲ್ಲಿ ದನಿ ಒಂದಿಷ್ಟು ಗಡುಸಾದರೆ ಸಾಕು, ಮತ್ತೆ ಕೋಲೆ ಬಸವನ ತಲೆ. ಬಾಯಿಗೆ ಬಂದ ಮಾತು ಭಯಕ್ಕೆ ಬಂದಿರಲಿಲ್ಲ. ಮೇಡಂಗೆ ಗದರಿಸಿ ಮಾತಾಡಲು ಬಾರದು. ರೆಕಾರ್ಡಿಂಗ್ ಅಣ್ಣನಿಗೆ ಸಿಟ್ಟಿನ ಡಾಕ್ಟರ ಪಾತ್ರ ಕೊಟ್ಟರೆ, ಮಗುವಿಗೆ ತುತ್ತು ತಿನ್ನಿಸುವವರ ಹಾಗೆ ಬೈದರು.

ಆಗ ತಮ್ಮನ ನೆನಪಾಯಿತು. ಸಂಜೆ ಬಸ್ ನಿಲ್ದಾಣಕ್ಕೆ ಹೋದರು. ಕಬ್ಬಿಣದ ಚಾವಣಿಯ ಕೆಳಗೆ ಎಂಜಿನ್ನುಗಳ ಗುಡುಗು, ಸಾಮಾನು ಎಳೆಯುವ ಸದ್ದು, ಅಳುವ ಕೂಸು. ಇವೆಲ್ಲದರ ಮೇಲೆ ತಮ್ಮನ ದನಿ ಡಬ್ಬ ಬಡಿದ ಹಾಗೆ ಮೊಳಗುತ್ತಿತ್ತು. ಒಂದು ಪದವೂ ತಿಳಿಯುತ್ತಿರಲಿಲ್ಲ. ಜನ ಅವನ ಗಾಜಿನ ಕಿಂಡಿಗೆ ಬಂದು ಏನಂದ್ರಿ, ಏನಂದ್ರಿ ಎಂದು ಮುತ್ತುತ್ತಿದ್ದರು. ಅವನು ಉರಿದುಬೀಳುತ್ತಿದ್ದ. ಬೈಸಿಕೊಂಡ ಒಬ್ಬ ಮುದುಕಿ, ಬಯ್ಯೋದು ಆಮೇಲೆ ಬಯ್ಯಪ್ಪ, ಬಸ್ಸು ಎಲ್ಲಿ ಅದನ್ನ ಮೊದಲು ಹೇಳು ಎಂದಳು. ಮೇಡಂ ಅವಳ ಹಿಂದೆಯೇ ನಿಂತು, ತಾವು ಐದು ತಿಂಗಳು ಕಲಿಸದೆ ಬಿಟ್ಟದ್ದು ಎದುರಿಗೆ ನಡೆಯುವುದನ್ನು ನೋಡಿದರು.

ತಮ್ಮ ಒಪ್ಪಿದ. ಮಗಳ ಪ್ರಯಾಣಕ್ಕೆ ತನ್ನದೂ ಒಂದು ಕೈ ಎಂದು ಅವನಿಗೆ ಖುಷಿ. ಪರಭಾಷೆಯ ಮಾತುಗಳನ್ನು ನಮ್ಮ ಅಕ್ಷರದಲ್ಲಿ ಬರೆಸಿಕೊಂಡು, ಅರ್ಥ ಒಂದೂ ತಿಳಿಯದೆ, ಬಸ್ಸು ಕೂಗುವ ರಾಗದಲ್ಲೇ ಕೂಗಿದ. ಮೊದಲ ದಿನ ಹುಡುಗಿಯರು ಮೇಜಿಗೆ ಹಣೆ ಹಚ್ಚಿ ನಕ್ಕರು. ಕಂಬಳಿಗಳನ್ನು ಬಿಚ್ಚಿಸಿದ ಕೋಣೆಯಿಂದ, ಕಾರಿಡಾರಿನ ಗದ್ದಲವೂ ಸೇರಿ ಫೋನಿನಲ್ಲಿ ಬಂದಾಗ ನಗು ಅಡಗಿತು. ಒಬ್ಬಳು ಅತ್ತೇಬಿಟ್ಟಳು. ನಿಧಾನವಾಗಿ, ಒಬ್ಬೊಬ್ಬರೇ ಕೇಳಲು ಕಲಿತರು. ಮತ್ತೊಮ್ಮೆ ಹೇಳಿ. ಇನ್ನೊಮ್ಮೆ. ಅರ್ಧವೋ ಐದೋ? ತಮ್ಮನಿಗೆ ನಿಜವಾಗಿಯೇ ಸಿಟ್ಟು ಬಂದು ನಮ್ಮ ಭಾಷೆಯಲ್ಲೇ, ಕಿವಿಗೆ ಹತ್ತಿ ಇಟ್ಕೊಂಡಿದೀಯಾ ಎಂದು ರೇಗುತ್ತಿದ್ದ. ಹುಡುಗಿಯರು ಬಿಡುತ್ತಿರಲಿಲ್ಲ.

ಅವನ ಮಗಳೂ ಕೇಳುತ್ತಿದ್ದಳು, ಒಮ್ಮೆ ಮಾತ್ರ. ಆ ಒಮ್ಮೆಯೂ ಬಾಯಿಪಾಠ ಒಪ್ಪಿಸಿದ ಹಾಗೆ. ಎರಡನೆಯ ಸಲ ಅಪ್ಪನ ದನಿ ಏರಿತೆಂದರೆ ಅರ್ಥವಾಗಿಬಿಡುತ್ತಿತ್ತು. ಮೇಡಂ ಅವಳನ್ನು ಕರೆದು, ಪರೀಕ್ಷೆಯಲ್ಲಿ ನಿನಗೆ ಬೇರೆ ದನಿ ಇಡಲೇ ಎಂದು ಕೇಳಿದರು.

“ಬೇಡ ಅತ್ತೆ. ಎಲ್ಲರಿಗೂ ಇರೋದೇ ನನಗೂ ಇರಲಿ. ಅಲ್ಲಿ ಹೋದ್ಮೇಲೆ ಬೇರೆ ದನಿ ಯಾರು ಇಡ್ತಾರೆ?”

ಪರೀಕ್ಷೆಯ ದಿನ ಬೆಳಿಗ್ಗೆ ಮೇಡಂ ಎಲ್ಲರಿಗಿಂತ ಮೊದಲು ಬಂದರು. ಕೋಣೆಯಲ್ಲಿ ತಮ್ಮನ ಪಕ್ಕ ಕೂತು ಇನ್ನೊಂದು ಹೆಡ್‌ಫೋನು ಹಾಕಿಕೊಂಡರು. ಅವನ ಹಾಳೆಯಲ್ಲಿ ಬೇಕೆಂದೇ ಒಂದು ಸೂಚನೆಯನ್ನು ತಪ್ಪಾಗಿ ಬರೆದಿದ್ದರು. ಹೇಳಿದ ಅಳತೆಯನ್ನು ಯಾವ ರೋಗಿಗೂ ಕೊಡುವ ಹಾಗಿಲ್ಲ. ದಾದಿ ಕೇಳಬೇಕು, ಮತ್ತೆ ಕೇಳಬೇಕು, ಸರಿ ಎನಿಸುವತನಕ ಒಪ್ಪಬಾರದು; ಬಿಡದೆ ಕೇಳಿದವರಿಗೆ, ಮೇಡಂ ಬೆರಳಿಟ್ಟು ತೋರಿಸಿದಾಗ, ತಮ್ಮ ಕೆಳಗಿನ ಸರಿಯಾದ ಸಾಲನ್ನು ಓದುತ್ತಾನೆ. ಪರೀಕ್ಷೆ ಇಷ್ಟೇ. ಮೊದಲ ಸಾಲು ತಪ್ಪು ಎಂಬುದು ತಮ್ಮನಿಗೂ ಗೊತ್ತಿರಲಿಲ್ಲ.

ಮೊದಲನೆಯವಳು ಕೇಳಿದಳು. ಆವತ್ತು ಅತ್ತಿದ್ದವಳು ನಾಲ್ಕು ಸಲ ಕೇಳಿ, ಕೊನೆಗೆ ನಾನು ಇದನ್ನು ಕೊಡುವುದಿಲ್ಲ ಡಾಕ್ಟರ್ ಎಂದಳು. ಮೇಡಂ ಕಣ್ಣೊರೆಸಿಕೊಂಡರು. ಹೀಗೆ ಒಬ್ಬೊಬ್ಬರೂ ಎಡವಿ, ತೊದಲಿ, ದಾಟಿದರು. ಹನ್ನೆರಡನೆಯ ಸಲ ಫೋನು ಎತ್ತಿದ ಸದ್ದಾಯಿತು. ತಮ್ಮ ಕೂಗಿದ. ಆ ಕಡೆಯಿಂದ, ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ ಎಂಬ ಮಾತು ಬಂತು. ತಮ್ಮ ಮತ್ತೆ ಕೂಗಿದ, ಇನ್ನೂ ಜೋರಾಗಿ, ಮೇಜು ಗುದ್ದಿ. ಮೇಡಂ ಕಣ್ಣು ಮುಚ್ಚಿದರು. ಕೇಳು, ನನ್ನ ತಾಯಿ, ಇನ್ನೊಂದೇ ಒಂದು ಸಲ ಕೇಳು. ಫೋನಿನೊಳಗೆ ಉಸಿರು ಮಾತ್ರ ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಎಣಿಸುತ್ತ ಕೂತಿದ್ದ ಅದೇ ಉಸಿರು.

“ಅರ್ಥವಾಯಿತು ಡಾಕ್ಟರ್. ಧನ್ಯವಾದ.”

ತಮ್ಮ ಹೆಡ್‌ಫೋನು ತೆಗೆದು, ಮಗಳು ಎಲ್ಲರಿಗಿಂತ ಬೇಗ ಮುಗಿಸಿದಳು ನೋಡು ಅಕ್ಕ ಎಂದು ಬೆವರು ಒರೆಸಿಕೊಂಡ.

ಮುಖ್ಯಸ್ಥರು ಒಳ್ಳೆಯ ಮನಸ್ಸಿನಿಂದಲೇ, ಮನೆ ಹುಡುಗಿ, ಬೇಕಿದ್ರೆ ನಾಳೆ ಇನ್ನೊಂದು ಸಲ ನೋಡಿ, ನಾನು ಕಣ್ಣು ಮುಚ್ಕೋತೀನಿ ಎಂದರು. ಮೇಡಂ ಮೇಜಿನ ಅಂಚು ಹಿಡಿದು ನಿಂತಿದ್ದರು. ಈ ಮಾತಿಗೆ ಹೂಂ ಅನ್ನುವುದು ಎಷ್ಟು ಸುಲಭ ಎಂದು ಅವರಿಗೆ ತಿಳಿದಿತ್ತು. ಕಾರಿಡಾರು ಕಂಡಿತು, ಟ್ರೇ ಕಂಡಿತು. ಹನ್ನೊಂದು ಜನಕ್ಕೆ ಸೈ ಎಂದರು. ಹನ್ನೆರಡನೆಯವಳಿಗೆ ಇಲ್ಲ ಎಂದರು.

ಮನೆಯಲ್ಲಿ ಆ ಸಂಜೆ ತಮ್ಮನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ತಮ್ಮ ಬಾಗಿಲ ಬಳಿ ಚಪ್ಪಲಿ ಕೂಡ ಬಿಡದೆ ನಿಂತಿದ್ದ. ಜನ್ಮದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ.

“ನನ್ನ ಬಾಯಿಂದಲೇ ನನ್ನ ಮಗಳನ್ನ ಬೀಳಿಸಿದ್ಯಲ್ಲ ಅಕ್ಕ. ಹೇಳಿದ್ರೆ ನಾನು ಸ್ವಲ್ಪ ಮೆಲ್ಲಗೆ ಕೂಗ್ತಿರಲಿಲ್ವಾ?”

ಅದಕ್ಕೇ ಹೇಳಲಿಲ್ಲ ಎಂಬ ಮಾತು ಮೇಡಂ ಬಾಯಿಯೊಳಗೇ ಉಳಿಯಿತು. ತಮ್ಮ ಹೊರಟು ಹೋದ. ಅವನಿಗೆ ನಿಲ್ದಾಣದಲ್ಲಿ ಪಾಳಿ ಇತ್ತು.

ಹುಡುಗಿ ಹಿತ್ತಲ ಮೆಟ್ಟಿಲ ಮೇಲೆ ಒಣಗಿದ ಬಟ್ಟೆಗಳನ್ನು ಮಡಿಸುತ್ತ ಕೂತಿದ್ದಳು. ಅಂಚಿಗೆ ಅಂಚು ಸೇರಿಸಿ, ಆಸ್ಪತ್ರೆಯಲ್ಲಿ ಮಡಿಸುವ ಹಾಗೆ. ಮೇಡಂ ಪಕ್ಕದಲ್ಲಿ ಕೂತರು. ಹಾಳೆಯಲ್ಲಿದ್ದ ಅಳತೆ ಎಷ್ಟು, ಅದನ್ನು ಕೊಟ್ಟಿದ್ದರೆ ಆ ಮನುಷ್ಯನಿಗೆ ಏನಾಗುತ್ತಿತ್ತು ಎಂದು ಹೇಳಿದರು. ಮುಂದಿನ ತಂಡಕ್ಕೆ ಅವಳನ್ನು ತಾವೇ ತಯಾರು ಮಾಡುವುದಾಗಿ ಹೇಳಿದರು. ಹೇಳುತ್ತ ಹೇಳುತ್ತ ತಮ್ಮ ಮಾತು ತಮ್ಮ ಪಾಠಗಳ ಹಾಗೆಯೇ ನಿಧಾನವಾಗಿ, ಶುಚಿಯಾಗಿ ಇದೆ ಎಂದು ಅವರಿಗೇ ಅನಿಸಿತು. ಹುಡುಗಿ ತಲೆ ತಗ್ಗಿಸಿ ಕೇಳಿದಳು.

“ಅರ್ಥ ಆಯ್ತು ಅತ್ತೆ.”

ಈ ಮನೆಯಲ್ಲಿ ಈ ಮಾತನ್ನು ಅವಳು ಎಷ್ಟು ವರ್ಷಗಳಿಂದ ಹೇಳುತ್ತ ಬಂದಿದ್ದಾಳೆ. ಒಂದು ಸಲವಾದರೂ ಯಾರಾದರೂ ತಿರುಗಿ ಕೇಳಿದ್ದುಂಟೇ?

“ಏನು ಅರ್ಥ ಆಯ್ತು, ಹೇಳು,” ಎಂದರು.

ಹುಡುಗಿ ಮಡಿಸುವುದನ್ನು ನಿಲ್ಲಿಸಿದಳು. ಗೋಡೆಯಾಚೆ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು.

“ನಾನು ಹೋದ್ರೆ ಯಾರನ್ನಾದ್ರೂ ಸಾಯಿಸ್ತೀನಿ ಅಂತ ನಿಮಗೆ ಭಯ.” ಅವಳು ಅತ್ತೆಯ ಮುಖ ನೋಡಲಿಲ್ಲ. “ಅದು ನನಗೂ ಇತ್ತು ಅತ್ತೆ. ಗೋಡೆಗೆ ಮಾತ್ರೆ ಅಂದ್ರಲ್ಲ, ಆವತ್ತು ನೀವು ಅಂದದ್ದು ಒಂದು ಅಕ್ಷರ ತಿಳೀಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ಪಾಠ ತಿಳೀಲಿಲ್ಲ. ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ, ತಿಳೀಲಿಲ್ಲ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ.”

ಮೇಡಂ ಅವಳ ಕೈ ಹಿಡಿದುಕೊಂಡರು. ತಾವು ಮೇಜಿನ ಮೇಲೆ ಹರಡಿದ ಒಂದೊಂದು ಚೀಟಿಯನ್ನೂ ಭಯದಿಂದಲೇ ಆರಿಸಿದ್ದರು. ಮಕ್ಕಳ ಭಯವನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

“ನಾಳೆಯಿಂದ ಮೊದಲನೇ ಪಾಠ ಬದಲಾಯಿಸ್ತೀನಿ,” ಎಂದರು.

ಹುಡುಗಿ ತಲೆಯಾಡಿಸಲು ಹೋಗಿ ತಡೆದುಕೊಂಡಳು. ಏನೋ ನೆನಪಾದವಳಂತೆ ಮುಖ ಎತ್ತಿದಳು.

“ಅವರು ಹನ್ನೊಂದು ಜನ ಹೋಗ್ತಾರಲ್ಲ ಅತ್ತೆ. ಅವರು ಕೇಳಿದ್ರು, ಸರಿ. ಆಮೇಲೆ ಅಪ್ಪ ಹೇಳಿದ್ದು ಅವರಿಗೆ ನಿಜವಾಗಿ ಅರ್ಥ ಆಗಿತ್ತಾ?”

ಸೈಕಲ್ಲಿಗೆ ಗಾಳಿ ತುಂಬುವ ಸದ್ದು ನಿಂತಿತ್ತು. ಮೇಡಂ ಬಾಯಿ ತೆರೆದರು. ಹೌದು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು, ಅಲ್ಲೇ ನಿಂತುಬಿಟ್ಟಿತು.

“ಗೊತ್ತಿಲ್ಲ,” ಎಂದರು. “ಬೆಳಿಗ್ಗೆ ಹೋಗಿ ಒಬ್ಬೊಬ್ಬರನ್ನೇ ಕೇಳ್ತೀನಿ.”